ಶಾಸ್ತ್ರೀಯ ಲೇಖನವೂ ಯಂತ್ರರಚಿತ ಲೇಖನವೂ

ಸಂಶೋಧನ ಲೇಖನವೆಂಬುದು ಇತರ ಗದ್ಯಪ್ರಕಾರಗಳಿಗಿಂತ ಭಿನ್ನವಾದ ಒಂದು ಶಿಸ್ತಿಗೆ ಒಳಪಟ್ಟ ಬರಹ. ಕವಿಯ ಮಾತಿಗೆ ರಸವೇ ಪ್ರಮಾಣ. ಭಕ್ತನ ಮಾತಿಗೆ ಅನುಭಾವವೇ ಪ್ರಮಾಣ. ಸಂಶೋಧಕನ ಮಾತಿಗಾದರೋ ಆ ಮಾತಿನ ಹೊರಗಿರುವ ಆಕರವೇ ಪ್ರಮಾಣ. ಆ ಆಕರ ಕಲ್ಲಿನ ಮೇಲಿರಬಹುದು, ತಾಮ್ರಪಟದಲ್ಲಿರಬಹುದು, ಓಲೆಗರಿಯಲ್ಲಿರಬಹುದು. ಓದುಗನನ್ನು ಅಲ್ಲಿಯವರೆಗೆ ಕರೆದೊಯ್ದು ನಿಲ್ಲಿಸುವುದಕ್ಕಾಗಿಯೇ ಪೀಠಿಕೆ, ಉದ್ಧರಣೆ, ಅಡಿಟಿಪ್ಪಣಿ, ಗ್ರಂಥಸೂಚಿ ಮುಂತಾದ ಸಂಪ್ರದಾಯಗಳು ಬೆಳೆದುಬಂದಿವೆ. ಈ ಸಂಪ್ರದಾಯಗಳನ್ನು ಹೊರನೋಟಕ್ಕೆ ಚಾಚೂ ತಪ್ಪದೆ ಪಾಲಿಸಿ, ಒಳಗೆ ಯಾವ ಆಕರವೂ ಇಲ್ಲದ ಲೇಖನವನ್ನು ಗಣಕಯಂತ್ರವು ಕೆಲವೇ ಕ್ಷಣಗಳಲ್ಲಿ ಸಿದ್ಧಪಡಿಸಬಲ್ಲ ಕಾಲ ಈಗ ಬಂದಿದೆ. ಆದುದರಿಂದ ನೈಜ ಲೇಖನದ ಲಕ್ಷಣಗಳಾವುವು, ಯಂತ್ರರಚಿತ ಲೇಖನದ ಲಕ್ಷಣಗಳಾವುವು, ಇವೆರಡನ್ನು ಬೇರ್ಪಡಿಸುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಬಾಗಲಕೋಟೆಯ ಸೀಮೆಗೆ ಈ ಪ್ರಶ್ನೆ ದೂರದ್ದೇನೂ ಅಲ್ಲ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದಿಂದ ಮೊದಲ್ಗೊಂಡು 2008ರ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಜಮಖಂಡಿಯಲ್ಲಿ 2023ರಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯದವರೆಗೆ ಇಲ್ಲಿ ಉನ್ನತ ಶಿಕ್ಷಣ ವಿಸ್ತರಿಸಿದೆ. ಲೇಖನ ಬರೆಯಬೇಕಾದ ವಿದ್ಯಾರ್ಥಿಗಳ ಸಂಖ್ಯೆಯೂ ಹೆಚ್ಚಿದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಕರ್ನಾಟಕದ ಚರಿತ್ರೆಯ ಅತ್ಯಂತ ಹಳೆಯ ಆಕರಗಳಲ್ಲಿ ಕೆಲವು ಇದೇ ಜಿಲ್ಲೆಯ ಬಂಡೆಗಳ ಮೇಲಿವೆ. ನೈಜ ಸಂಶೋಧನೆ ಹೇಗೆ ನಡೆಯುತ್ತದೆಂಬುದಕ್ಕೆ ಉತ್ತಮ ನಿದರ್ಶನಗಳೂ ಇಲ್ಲಿಯೇ ದೊರೆಯುತ್ತವೆ.

ನೈಜ ಲೇಖನದ ನಡೆ

ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಪ್ರಸಿದ್ಧ ಶಾಸನವಿದೆ. ಇದು ಇಮ್ಮಡಿ ಪುಲಕೇಶಿಯ ಪ್ರಶಸ್ತಿ, ಸಂಸ್ಕೃತ ಪದ್ಯಗಳಲ್ಲಿದೆ. ಇದರ ಕಾಲವನ್ನು ಕವಿ ಎರಡು ಬಗೆಯಿಂದ ಹೇಳಿದ್ದಾನೆ. ಭಾರತಯುದ್ಧದಿಂದ 3735 ವರ್ಷಗಳು ಕಳೆದುವೆಂಬುದು ಒಂದು. ಶಕ ವರ್ಷ 556 ಕಳೆದುವೆಂಬುದು ಮತ್ತೊಂದು. ಕಲಿಯುಗದ ಎಣಿಕೆಯಿಂದ 3101ನ್ನು ಕಳೆದರೂ ಶಕವರ್ಷಕ್ಕೆ 78ನ್ನು ಕೂಡಿದರೂ ಕ್ರಿ.ಶ. 634 ಎಂಬ ಒಂದೇ ಉತ್ತರ ಬರುತ್ತದೆ. ಒಂದು ಹೇಳಿಕೆಯನ್ನು ಇನ್ನೊಂದರಿಂದ ಪರೀಕ್ಷಿಸಲು ಶಾಸನವೇ ಅವಕಾಶ ಮಾಡಿಕೊಟ್ಟಿದೆ. ಅದೇ ಶಾಸನದಲ್ಲಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡಿರುವುದರಿಂದ ಆ ಇಬ್ಬರು ಮಹಾಕವಿಗಳು 634ಕ್ಕಿಂತ ಈಚಿನವರಲ್ಲವೆಂಬ ನಿರ್ಣಯವೂ ಸಾಧ್ಯವಾಯಿತು.

ಈ ಶಾಸನವನ್ನು ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದನು. ಅನಂತರ ಕೀಲ್‌ಹಾರ್ನ್ ‘ಎಪಿಗ್ರಾಫಿಯಾ ಇಂಡಿಕಾ’ದ ಆರನೆಯ ಸಂಪುಟದಲ್ಲಿ ಅದನ್ನು ಮರಳಿ ಸಂಪಾದಿಸಿದನು. ಒಮ್ಮೆ ಪ್ರಕಟವಾದುದನ್ನು ಮತ್ತೆ ಸಂಪಾದಿಸಿದ್ದೇಕೆ? ಮೊದಲಿನವನ ಓದು ಎಲ್ಲಿ ನಿಂತಿತೆಂಬುದು ಎರಡನೆಯವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಫ್ಲೀಟನು ತಾನು ಓದಿದ ಪಾಠವನ್ನೂ ಅದರ ಅನುವಾದವನ್ನೂ ಓದುಗರ ಮುಂದೆ ಇಟ್ಟಿದ್ದನು. ತಪ್ಪನ್ನು ತಿದ್ದಲು ಬೇಕಾದ ಸಾಮಗ್ರಿ ಅವನ ಲೇಖನದಲ್ಲಿಯೇ ಇತ್ತು. ನೈಜ ಲೇಖನದ ಮೊದಲ ಲಕ್ಷಣ ಇದು: ತನ್ನನ್ನು ಅಲ್ಲಗಳೆಯುವ ಸಾಧನವನ್ನು ಅದು ತಾನೇ ಓದುಗನ ಕೈಗೆ ಕೊಡುತ್ತದೆ.

ಎರಡನೆಯ ನಿದರ್ಶನ ಬಾದಾಮಿಯದು. ಅಲ್ಲಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನದ ಕಾಲ ಶಕ 500, ಅಂದರೆ ಕ್ರಿ.ಶ. 578. ಆ ವರ್ಷ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯದೆಂದು ಶಾಸನ ಹೇಳುವುದರಿಂದ ಅವನು ಪಟ್ಟಕ್ಕೆ ಬಂದದ್ದು 566-67ರಲ್ಲಿ ಎಂದು ತಿಳಿಯುತ್ತದೆ. ಬಾದಾಮಿಯ ಬಂಡೆಯ ಮೇಲಿನ ಮತ್ತೊಂದು ಶಾಸನವನ್ನು ಆರ್. ಎಸ್. ಪಂಚಮುಖಿಯವರು ‘ಎಪಿಗ್ರಾಫಿಯಾ ಇಂಡಿಕಾ’ದ ಇಪ್ಪತ್ತೇಳನೆಯ ಸಂಪುಟದಲ್ಲಿ ಸಂಪಾದಿಸಿದರು. ಶಕ 465ರ, ಎಂದರೆ ಕ್ರಿ.ಶ. 543ರ ಆ ಶಾಸನದಿಂದ ವಾತಾಪಿಯ ಬೆಟ್ಟವನ್ನು ಕೋಟೆಯಾಗಿಸಿದವನು ಒಂದನೆಯ ಪುಲಕೇಶಿಯೆಂಬುದು ಕಾಲಸಹಿತವಾಗಿ ಸ್ಥಿರಪಟ್ಟಿತು. ಫ್ಲೀಟನು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಗ್ರಂಥ ರಚಿಸಿದಾಗ ಈ ಆಧಾರ ಅವನಿಗೆ ದೊರೆತಿರಲಿಲ್ಲ. ಆದರೂ ಅವನ ಕೆಲಸ ವ್ಯರ್ಥವಾಗಲಿಲ್ಲ; ಅವನು ನಿಲ್ಲಿಸಿದ ಸ್ಥಳದಿಂದ ಮುಂದಿನವರು ನಡೆದರು.

ಮೂರನೆಯದು ಕಪ್ಪೆ ಅರಭಟ್ಟನ ಶಾಸನ. ಕನ್ನಡ ತ್ರಿಪದಿಯ ಅತಿ ಪ್ರಾಚೀನ ರೂಪವನ್ನು ಉಳಿಸಿಕೊಟ್ಟಿರುವ ಈ ಬಾದಾಮಿ ಶಾಸನವನ್ನು ಫ್ಲೀಟನು 1881ರಲ್ಲಿ ಪ್ರಕಟಿಸಿದನು. ಇದರಲ್ಲಿ ಕಾಲನಿರ್ದೇಶವಿಲ್ಲ. ಅಕ್ಷರಗಳ ರೂಪವನ್ನು ನೋಡಿ ವಿದ್ವಾಂಸರು ‘ಸುಮಾರು 700’ ಎನ್ನುತ್ತಾರೆ. ಇಲ್ಲಿ ‘ಸುಮಾರು’ ಎಂಬ ಒಂದು ಪದ ಎಷ್ಟು ಭಾರವನ್ನು ಹೊತ್ತಿದೆಯೆಂಬುದನ್ನು ಗಮನಿಸಬೇಕು. ಇಷ್ಟರವರೆಗೆ ಆಧಾರವಿದೆ, ಇದರ ಮುಂದೆ ಇಲ್ಲ ಎಂಬ ಎಲ್ಲೆಯನ್ನು ಅದು ಸೂಚಿಸುತ್ತದೆ. ಶಾಸನಪಾಠವನ್ನು ಅಚ್ಚು ಮಾಡುವಾಗ ಅಳಿಸಿಹೋದ ಅಕ್ಷರಗಳಿಗೆ ಚುಕ್ಕೆಗಳನ್ನೂ ಊಹಿಸಿದ ಅಕ್ಷರಗಳಿಗೆ ಕಂಸವನ್ನೂ ಹಾಕುವ ಪದ್ಧತಿಯ ಉದ್ದೇಶವೂ ಇದೇ. ತಿಳಿಯದುದನ್ನು ತಿಳಿಯದೆಂದು ಬರೆಯುವುದು ಶಾಸ್ತ್ರೀಯ ಲೇಖನದ ಎರಡನೆಯ ಲಕ್ಷಣ.

ಅಡಿಟಿಪ್ಪಣಿಯ ಸ್ವರೂಪವನ್ನು ಇಳಕಲ್ಲಿನ ನೇಕಾರರ ಮಾತಿನಿಂದ ಸುಲಭವಾಗಿ ತಿಳಿಯಬಹುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡರ ಎಳೆಗಳನ್ನು ಒಂದರೊಳಗೊಂದು ಸಿಕ್ಕಿಸಿ ಜೋಡಿಸುವುದಕ್ಕೆ ‘ಕೊಂಡಿ’ ಎಂದು ಹೆಸರು. ದೂರದಿಂದ ನೋಡುವವನಿಗೆ ಬಣ್ಣವೂ ಸೆರಗಿನ ವಿನ್ಯಾಸವೂ ಕಾಣುತ್ತವೆ, ಕೊಂಡಿ ಕಾಣದು. ಬಲ್ಲವನು ಸೀರೆಯನ್ನು ಕೈಗೆತ್ತಿಕೊಂಡು ಒಡಲು ಸೆರಗುಗಳು ಕೂಡುವ ಎಡೆಯನ್ನೇ ನೋಡುತ್ತಾನೆ. ಲೇಖನದಲ್ಲಿ ಲೇಖಕನ ಮಾತು ಒಡಲಾದರೆ ಹಿಂದಿನವರ ಶೋಧ ಸೆರಗು, ಅಡಿಟಿಪ್ಪಣಿಯೇ ಕೊಂಡಿ. ಅದು ನಿಜವಾಗಿ ಎರಡನ್ನೂ ಹಿಡಿದಿದೆಯೇ ಎಂಬುದನ್ನು ಎಳೆದು ನೋಡಿಯೇ ತಿಳಿಯಬೇಕು.

ಯಂತ್ರರಚಿತ ಲೇಖನದ ಬಗೆಗಳು

ಯಂತ್ರದಿಂದ ಲೇಖನ ರಚಿಸುವ ಪ್ರಯತ್ನಗಳಲ್ಲಿ ಹೆಚ್ಚು ಪ್ರಸಿದ್ಧವಾದುದು 2005ರದು. ಅಮೆರಿಕೆಯ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೆರೆಮಿ ಸ್ಟ್ರಿಬ್ಲಿಂಗ್, ಮ್ಯಾಕ್ಸ್ ಕ್ರೋನ್, ಡಾನ್ ಅಗ್ವಾಯೊ ಎಂಬ ಮೂವರು ವಿದ್ಯಾರ್ಥಿಗಳು ‘ಸೈಜೆನ್’ ಎಂಬ ಕಾರ್ಯಕ್ರಮವನ್ನು ರಚಿಸಿದರು. ಇದರ ಕೆಲಸ ಸರಳ. ವಾಕ್ಯಗಳ ಅಚ್ಚುಗಳನ್ನು ಮೊದಲೇ ಸಿದ್ಧಪಡಿಸಿಟ್ಟು, ಅವುಗಳ ಖಾಲಿ ಸ್ಥಾನಗಳಲ್ಲಿ ಗಣಕವಿಜ್ಞಾನದ ಪಾರಿಭಾಷಿಕ ಪದಗಳನ್ನು ಕೈಗೆ ಬಂದಂತೆ ತುಂಬುವುದು. ಸಾರಾಂಶ, ಪೀಠಿಕೆ, ನಕ್ಷೆ, ಫಲಿತಾಂಶ, ಗ್ರಂಥಸೂಚಿ ಎಲ್ಲವೂ ಅದರಲ್ಲಿರುತ್ತವೆ, ಅರ್ಥವೊಂದು ಇರುವುದಿಲ್ಲ. ಇಂತಹ ಒಂದು ಲೇಖನವನ್ನು ಆ ವರ್ಷದ ಒಂದು ಅಂತರರಾಷ್ಟ್ರೀಯ ಸಮ್ಮೇಳನವು ವಿಮರ್ಶೆಗೊಳಪಡಿಸದೆ ಸ್ವೀಕರಿಸಿತು. ಸಮ್ಮೇಳನಗಳ ಸಡಿಲತೆಯನ್ನು ಬಯಲಿಗೆಳೆಯುವುದೇ ವಿದ್ಯಾರ್ಥಿಗಳ ಉದ್ದೇಶವಾಗಿತ್ತು.

ವಿನೋದಕ್ಕಾಗಿ ಹುಟ್ಟಿದ ಈ ಯಂತ್ರ ಅನಂತರ ವಂಚನೆಗೂ ಬಳಕೆಯಾಯಿತು. ಫ್ರಾನ್ಸ್ ದೇಶದ ಗ್ರೆನೋಬ್ಲಿನ ಗಣಕವಿಜ್ಞಾನಿ ಸಿರಿಲ್ ಲಾಬೆ 2010ರಲ್ಲಿ ‘ಐಕ್ ಆಂಟ್‌ಕೇರ್’ ಎಂಬ ಇಲ್ಲದ ವಿಜ್ಞಾನಿಯೊಬ್ಬನನ್ನು ಕಲ್ಪಿಸಿ, ಒಂದನ್ನೊಂದು ಉಲ್ಲೇಖಿಸುವ ಸುಮಾರು ನೂರು ಯಂತ್ರಲೇಖನಗಳನ್ನು ಅವನ ಹೆಸರಿಗೆ ಸೇರಿಸಿದನು. ಉಲ್ಲೇಖಗಳನ್ನು ಎಣಿಸುವ ಗಣಕಸೂಚಿ ಆ ಕಲ್ಪಿತ ವ್ಯಕ್ತಿಯನ್ನು ಜಗತ್ತಿನ ಅಗ್ರಗಣ್ಯ ವಿಜ್ಞಾನಿಗಳ ಸಾಲಿನಲ್ಲಿ ನಿಲ್ಲಿಸಿತು. ಲಾಬೆಯ ಶೋಧದ ಫಲವಾಗಿ 2014ರಲ್ಲಿ ಸ್ಪ್ರಿಂಗರ್ ಮತ್ತು ಐ.ಇ.ಇ.ಇ. ಎಂಬ ಹೆಸರಾಂತ ಪ್ರಕಾಶನ ಸಂಸ್ಥೆಗಳು ತಾವು ಪ್ರಕಟಿಸಿದ್ದ 120ಕ್ಕೂ ಹೆಚ್ಚು ಅರ್ಥಹೀನ ಲೇಖನಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಸೈಜೆನ್ನಿನ ಪದಸಂಪತ್ತು ಮಿತವಾದುದರಿಂದ ಅದರ ಲೇಖನಗಳನ್ನು ಪದಗಳ ಪುನರಾವೃತ್ತಿಯಿಂದಲೇ ಗುರುತಿಸಬಹುದಾಗಿತ್ತು.

ಎರಡನೆಯ ಬಗೆ ಪದಪಲ್ಲಟದ್ದು. ಅನ್ಯರ ಲೇಖನವನ್ನು ಯಂತ್ರಕ್ಕೆ ಕೊಟ್ಟು, ಕಳವು ಕಾಣದಂತೆ ಪ್ರತಿಪದಕ್ಕೂ ಸಮಾನಾರ್ಥಕವನ್ನು ಹಾಕಿಸುವುದು ಇದರ ರೀತಿ. 2021ರಲ್ಲಿ ಗಿಯೋಂ ಕಬನಾಕ್, ಲಾಬೆ ಮತ್ತು ಅಲೆಕ್ಸಾಂಡರ್ ಮಗಾಜಿನೋವ್ ಇಂತಹ ಪ್ರಯೋಗಗಳನ್ನು ‘ಚಿತ್ರಹಿಂಸೆಗೊಳಗಾದ ನುಡಿಗಟ್ಟು’ಗಳೆಂದು ಕರೆದರು. ಕೃತಕ ಬುದ್ಧಿಮತ್ತೆ ಎಂಬುದು ಅಲ್ಲಿ ನಕಲಿ ಪ್ರಜ್ಞೆಯಾಗಿತ್ತು. ಸ್ತನದ ಕ್ಯಾನ್ಸರ್ ಎದೆಯ ಅಪಾಯವಾಗಿತ್ತು. ಕನ್ನಡದಲ್ಲಿ ಇದೇ ಕ್ರಮ ನಡೆದರೆ ತ್ರಿಪದಿ ‘ಮೂರು ಕಾಲು’ ಆದೀತು, ಅಂಕಿತ ‘ರುಜು’ ಆದೀತು. ಶಾಸ್ತ್ರದ ಪರಿಭಾಷೆಗೆ ಸಮಾನಾರ್ಥಕಗಳಿಲ್ಲವೆಂಬುದನ್ನು ಯಂತ್ರ ಅರಿಯದು.

ಮೂರನೆಯ ಬಗೆ ಇವೆರಡಕ್ಕಿಂತ ಬಹಳ ಮುಂದುವರಿದುದು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದಂದಿನಿಂದ ಬೃಹತ್ ಭಾಷಾ ಮಾದರಿಗಳು ಮನೆಮಾತಾಗಿವೆ. ಅಪಾರವಾದ ಬರಹರಾಶಿಯಿಂದ ಪದಗಳ ಸಹವಾಸಕ್ರಮವನ್ನು ಕಲಿತು, ಒಂದು ಪದದ ಮುಂದೆ ಯಾವ ಪದ ಬರುವುದು ಹೆಚ್ಚು ಸಂಭಾವ್ಯವೆಂಬುದನ್ನು ಗುಣಿಸಿ ಬರೆಯುವುದು ಇವುಗಳ ಕ್ರಮ. ವಾಕ್ಯಗಳು ಸುಸಂಬದ್ಧವಾಗಿರುತ್ತವೆ, ಸೈಜೆನ್ನಿನ ಅಸಂಗತತೆ ಇಲ್ಲಿ ಕಾಣದು. ಆದರೆ ಆಧಾರಗ್ರಂಥವೊಂದನ್ನು ಕೇಳಿದಾಗ ಇರುವ ಗ್ರಂಥದ ಹೆಸರನ್ನು ಹೇಳುವ ವಿಧಾನದಿಂದಲೇ ಇರಬಹುದಾದ ಗ್ರಂಥದ ಹೆಸರನ್ನೂ ಅವು ಹೇಳಿಬಿಡುತ್ತವೆ. ಪರಿಚಿತ ವಿದ್ವಾಂಸರ ಹೆಸರು, ಪರಿಚಿತ ಪತ್ರಿಕೆಯ ಹೆಸರು, ನಂಬತಕ್ಕ ವರ್ಷ, ನಂಬತಕ್ಕ ಪುಟಸಂಖ್ಯೆ ಎಲ್ಲವೂ ಇರುತ್ತವೆ. ಲೇಖನ ಮಾತ್ರ ಎಲ್ಲಿಯೂ ಇರುವುದಿಲ್ಲ. ಗ್ರಂಥಾಲಯವನ್ನೋ ಅಂತರ್ಜಾಲವನ್ನೋ ಹುಡುಕಿ ಉತ್ತರಿಸುವ ಮಾದರಿಗಳಲ್ಲಿ ಈ ದೋಷ ಕಡಿಮೆಯಾಗಿದೆಯಾದರೂ, ಇರುವ ಗ್ರಂಥಕ್ಕೆ ಅದರಲ್ಲಿಲ್ಲದ ಮಾತನ್ನು ಆರೋಪಿಸುವ ಸಂಭವ ಉಳಿದೇ ಇದೆ.

ತಾರತಮ್ಯ

ಮೇಲಿನ ವಿವೇಚನೆಯಿಂದ ಕೆಲವು ಭೇದಗಳು ಸ್ಪಷ್ಟವಾಗುತ್ತವೆ. ನೈಜ ಲೇಖನ ಒಂದು ತೊಡಕಿನಿಂದ ಹುಟ್ಟುತ್ತದೆ: ಈ ಅಕ್ಷರ ಯಾವುದು, ಈ ಅರಸ ಯಾರ ಮಗ, ಈ ಎರಡು ಕಾಲಗಳು ಹೊಂದುವುದಿಲ್ಲವೇಕೆ? ಯಂತ್ರರಚಿತ ಲೇಖನ ಒಂದು ಶೀರ್ಷಿಕೆಯಿಂದ ಹುಟ್ಟುತ್ತದೆ. ಅದರಲ್ಲಿ ವಿಷಯವಿರುತ್ತದೆ, ಪ್ರಶ್ನೆಯಿರುವುದಿಲ್ಲ. ನೈಜ ಲೇಖನದ ಒತ್ತು ಅಸಮವಾಗಿರುತ್ತದೆ. ಒಂದು ಅಕ್ಷರಕ್ಕಾಗಿ ಎರಡು ಪುಟ ವ್ಯಯವಾಗಬಹುದು, ಒಂದು ಶತಮಾನ ಒಂದೇ ವಾಕ್ಯದಲ್ಲಿ ಮುಗಿಯಬಹುದು. ಯಂತ್ರದ ಲೇಖನ ಎಲ್ಲಕ್ಕೂ ಸಮಾನವಾಗಿ ಹಂಚುತ್ತದೆ. ನೈಜ ಲೇಖನ ಯಾರನ್ನಾದರೂ ಒಪ್ಪದೆ ಹೋಗುತ್ತದೆ ಮತ್ತು ಅದಕ್ಕೆ ಕಾರಣ ಕೊಡುತ್ತದೆ. ಯಂತ್ರದ ಲೇಖನ ಎಲ್ಲರನ್ನೂ ಗೌರವಿಸಿ ಯಾರನ್ನೂ ಎದುರಿಸದೆ ಮುಗಿಯುತ್ತದೆ. ಕಪ್ಪೆ ಅರಭಟ್ಟನ ಶಾಸನಕ್ಕೆ ಒಂದು ಖಚಿತವಾದ ವರ್ಷವನ್ನು, ಅದನ್ನು ಬರೆಸಿದವನಿಗೆ ಒಂದು ವಂಶಾವಳಿಯನ್ನು ಯಾವುದಾದರೂ ಲೇಖನ ನಿಸ್ಸಂಕೋಚವಾಗಿ ಒದಗಿಸಿದರೆ, ಅದು ಯಂತ್ರದ್ದಾಗಲಿ ಮನುಷ್ಯನದಾಗಲಿ, ಓದುಗ ಅಲ್ಲಿಯೇ ನಿಲ್ಲಬೇಕು.

ಈ ಭೇದಗಳನ್ನು ನಿಯಮಗಳಂತೆ ಕಂಠಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ಯಂತ್ರಗಳು ದಿನದಿನಕ್ಕೆ ಸುಧಾರಿಸುತ್ತಿವೆ; ಸಂಶಯವನ್ನು ನಟಿಸುವುದನ್ನೂ ಭಿನ್ನಾಭಿಪ್ರಾಯವನ್ನು ನಟಿಸುವುದನ್ನೂ ಕಲಿಯುತ್ತಿವೆ. ಯಂತ್ರಬರಹವನ್ನು ಗುರುತಿಸುವುದಕ್ಕಾಗಿ ರಚಿತವಾದ ಯಂತ್ರಗಳು ಕೆಲವೊಮ್ಮೆ ಪ್ರಾಮಾಣಿಕರನ್ನೇ ಅಪರಾಧಿಗಳನ್ನಾಗಿಸುತ್ತವೆ. ಮಾತೃಭಾಷೆಯಲ್ಲದ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಬರೆದವರ ಸರಳ ವಾಕ್ಯಗಳನ್ನು ಯಂತ್ರದವೆಂದು ತೀರ್ಪಿತ್ತ ಪ್ರಸಂಗಗಳಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಕೃತಿಚೌರ್ಯವನ್ನು ಹೋಲಿಕೆಯ ಶೇಕಡಾವಾರು ಪ್ರಮಾಣದಿಂದ ಅಳೆಯುತ್ತದೆ. ಯಾರ ವಾಕ್ಯವನ್ನೂ ಅಕ್ಷರಶಃ ಕದಿಯದ ಯಂತ್ರಲೇಖನ ಆ ಜಾಲದಿಂದ ನುಣುಚಿಕೊಳ್ಳುವುದು ಸಹಜ. ಶೈಲಿಯ ಪರೀಕ್ಷೆಯಾಗಲಿ ಶೇಕಡಾವಾರು ಪರೀಕ್ಷೆಯಾಗಲಿ ಕೊನೆಯ ಮಾತಾಗಲಾರದು.

ಹಳೆಯ ಕೂಟಲೇಖಗಳ ಪಾಠ

ರೂಪವಿದ್ದು ಸತ್ತ್ವವಿಲ್ಲದ ದಾಖಲೆಗಳು ಹೊಸವಲ್ಲ. ಒಂದನೆಯ ಪುಲಕೇಶಿಯ ಹೆಸರಿನಲ್ಲಿ ಶಕ 411ರ ತೇದಿಯುಳ್ಳ ಆಲ್ತೆಂ ತಾಮ್ರಪಟ ಚಾಲುಕ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತ. ಮಂಗಳಶ್ಲೋಕ, ವಂಶಾವಳಿ, ದಾನವಿವರ ಯಾವುದಕ್ಕೂ ಅದರಲ್ಲಿ ಕೊರತೆಯಿಲ್ಲ. ಆದರೆ ಶಕ 411 ಎಂದರೆ ಕ್ರಿ.ಶ. 489. ಪುಲಕೇಶಿಯ ಮಗನಾದ ಕೀರ್ತಿವರ್ಮ ಪಟ್ಟವೇರಿದ್ದು 566-67ರಲ್ಲಿ ಎಂದು ಬಾದಾಮಿಯ ಗುಹಾಶಾಸನದಿಂದ ತಿಳಿದಿದೆ. ತಾಮ್ರಪಟವನ್ನು ನಂಬಿದರೆ ಪುಲಕೇಶಿಯ ಆಳ್ವಿಕೆ 77 ವರ್ಷಕ್ಕೂ ಕಡಿಮೆಯಾಗದು! ಫ್ಲೀಟನು ಇದನ್ನು ಕೂಟಶಾಸನವೆಂದು ನಿರ್ಣಯಿಸಿದನು; 1901ರಲ್ಲಿ ಇಂತಹ ಕೂಟಶಾಸನಗಳ ಒಂದು ಪಟ್ಟಿಯನ್ನೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ತಾಮ್ರಪಟದ ಭಾಷೆಯ ಸೊಗಸು ಅವನನ್ನು ತಡೆಯಲಿಲ್ಲ. ಅದರ ಅಕ್ಷರಗಳನ್ನು ಕಾಲದೊಡನೆಯೂ ಕಾಲವನ್ನು ಇತರ ಶಾಸನಗಳೊಡನೆಯೂ ಹೋಲಿಸುವುದು ಅವನ ಕ್ರಮವಾಗಿತ್ತು.

ವಚನಗಳ ಸಂಪಾದನೆಯಲ್ಲಿಯೂ ಇದೇ ತೊಡಕು ಎದುರಾಗಿದೆ. ಹುನಗುಂದ ಸೀಮೆಯ ಕೂಡಲಸಂಗಮದ ದೇವನ ಹೆಸರು ಬಸವಣ್ಣನವರ ಅಂಕಿತವೆಂಬುದು ಸರ್ವವಿದಿತ. ಅಂಕಿತ ಕೊನೆಯಲ್ಲಿ ಬಂದ ಮಾತ್ರಕ್ಕೆ ಅದು ಅವರ ವಚನವೇ ಎಂದು ಹೇಳಲಾಗದು; ಅಂಕಿತವನ್ನು ಯಾರು ಬೇಕಾದರೂ ಹಚ್ಚಬಹುದು. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಅನಂತರದ ಸಂಪಾದಕರು ಹಲವು ಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ಗುರುತಿಸಿ, ಪ್ರಕ್ಷಿಪ್ತಗಳನ್ನು ಬೇರ್ಪಡಿಸುವ ಶ್ರಮವನ್ನು ದಶಕಗಳವರೆಗೆ ನಡೆಸಿದರು. 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟವಾದ ‘ಸಮಗ್ರ ವಚನ ಸಂಪುಟ’ ಆ ಶ್ರಮದ ಫಲ. ಇಂದು ಯಂತ್ರಕ್ಕೆ ಆಜ್ಞೆಯಿತ್ತರೆ ವಚನದ ಧಾಟಿಯ ಸಾಲುಗಳನ್ನು ಅಂಕಿತಸಹಿತವಾಗಿ ಎಷ್ಟು ಬೇಕಾದರೂ ಅದು ಕೊಟ್ಟೀತು. ಅವುಗಳಲ್ಲಿ ಒಂದು ಉಪನ್ಯಾಸಕ್ಕೆ, ಉಪನ್ಯಾಸದಿಂದ ಪಠ್ಯಕ್ಕೆ, ಪಠ್ಯದಿಂದ ಪ್ರಬಂಧಕ್ಕೆ ದಾಟಿದರೆ ಹೊರಗಟ್ಟಲು ಮತ್ತೊಂದು ತಲೆಮಾರಿನ ಶ್ರಮ ಬೇಕಾದೀತು. ಹಾಗೆ ದಾಟಿದ ಸಾಲನ್ನೇ ಮುಂದಿನ ಯಂತ್ರಗಳು ಕಲಿತು ಪ್ರಮಾಣವೆಂದು ಮರಳಿಸುತ್ತವೆಂಬುದು ಇನ್ನೂ ಗಂಭೀರವಾದ ಅಪಾಯ.

ಯಂತ್ರದ ಬಳಕೆಯೆಲ್ಲ ದೋಷವೆಂದು ಇದರಿಂದ ಭಾವಿಸಬೇಕಾಗಿಲ್ಲ. ಸೂಚಿ ಸಿದ್ಧಪಡಿಸಲು, ಪ್ರತಿಗಳ ಭೇದವನ್ನು ಗುರುತಿಸಲು, ಅನ್ಯಭಾಷೆಯ ಲೇಖನದ ತಾತ್ಪರ್ಯವನ್ನು ತಿಳಿಯಲು ಗಣಕಯಂತ್ರ ಉಪಕಾರಿಯೇ. ಯಂತ್ರವಿಲ್ಲದ ಕಾಲದಲ್ಲಿಯೂ ಕಾಣದ ಗ್ರಂಥವನ್ನು ಕಂಡಂತೆ ಉಲ್ಲೇಖಿಸಿದವರಿದ್ದರು. ಅಂತಹವರಿಗೆ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಒಂದು ಗಳಿಗೆಯದಾಗಿದೆ. ಪರಿಶೀಲಿಸುವವನ ಶ್ರಮವಾದರೋ ಹಿಂದಿನಷ್ಟೇ ಉಳಿದಿದೆ. ತೊಂದರೆಯ ಮೂಲ ಈ ಅಸಮತೆಯಲ್ಲಿದೆ.

ಪರೀಕ್ಷೆಯ ಮಾರ್ಗ

ಹೀಗಿರುವಾಗ ಉಳಿಯುವ ಮಾರ್ಗ ಒಂದೇ: ಕೊಂಡಿಯನ್ನು ಎಳೆದು ನೋಡುವುದು. ಲೇಖನವೊಂದರ ಮೂರು ಅಡಿಟಿಪ್ಪಣಿಗಳನ್ನು ಆರಿಸಿಕೊಂಡು, ಹೇಳಿದ ಗ್ರಂಥ ಇದೆಯೇ, ಹೇಳಿದ ಪುಟದಲ್ಲಿ ಹೇಳಿದ ಮಾತಿದೆಯೇ ಎಂದು ನೋಡಿದರೆ ಹೆಚ್ಚಿನ ಸಂದರ್ಭಗಳಲ್ಲಿ ಸತ್ಯ ಹೊರಬೀಳುತ್ತದೆ. ಮುಂಬಯಿ-ಕರ್ನಾಟಕದ ಶಾಸನಗಳು ‘ದಕ್ಷಿಣ ಭಾರತ ಶಾಸನಗಳು’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ ಅಚ್ಚಾಗಿವೆ. ಮಾರ್ಗದರ್ಶಕರು ವಿದ್ಯಾರ್ಥಿಯನ್ನು ‘ಇದನ್ನು ಎಲ್ಲಿ ನೋಡಿದೆ?’ ಎಂದು ಕೇಳುವ ಹಳೆಯ ಪದ್ಧತಿಯನ್ನು ಬಿಡಬಾರದು. ನೋಡಿದವನು ಸ್ಥಳವನ್ನು ಹೇಳುತ್ತಾನೆ, ಓದಲಾಗದ ಸಾಲನ್ನೂ ಹೇಳುತ್ತಾನೆ. ನೋಡದವನು ಶೀರ್ಷಿಕೆಯನ್ನೇ ಮತ್ತೆ ಹೇಳುತ್ತಾನೆ.

ಈ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗೆ ಇರುವ ಅನುಕೂಲ ಬಹಳ ಮಂದಿಗಿಲ್ಲ. ಬಾದಾಮಿಯ ಗುಹೆಯಿಂದ ಐಹೊಳೆಯ ಮೇಗುತಿಗೆ, ಅಲ್ಲಿಂದ ಕೂಡಲಸಂಗಮಕ್ಕೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಅದೇ ವೇಳೆಗೆ ಇಲ್ಲಿಯ ಆಕರಗಳು ಅಕ್ಷಯವೂ ಅಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿದುವು. ಬಯಲಿನ ಕಲ್ಲುಗಳ ಅಕ್ಷರಗಳು ಮಳೆಗಾಳಿಗೆ ಸವೆಯುತ್ತಿವೆ. ಕಲ್ಲು ಇರುವವರೆಗೆ ಸುಳ್ಳು ಪಾಠವನ್ನು ತಿದ್ದಬಹುದು. ಕಲ್ಲು ಹೋದ ಮೇಲೆ ಉಳಿಯುವುದು ಅದನ್ನು ಕುರಿತ ಲೇಖನ ಮಾತ್ರ. ಆಗ ಆ ಲೇಖನವೇ ಆಕರ. ಆದಕಾರಣ ಇಂದು ಬರೆಯುವವನು ಮುಂದಿನವರಿಗೆ ಆಕರವನ್ನೇ ಬರೆಯುತ್ತಿದ್ದಾನೆಂಬ ಎಚ್ಚರ ಇರಬೇಕು. ಮೇಗುತಿಯ ಗೋಡೆಯ ಮುಂದೆ ನಿಂತು ಒಂದು ಸಾಲನ್ನು ತಪ್ಪಾಗಿ ಓದಿದವನ ಲೇಖನವನ್ನು ಮುಂದಿನವನು ತಿದ್ದಿಯಾನು. ಅಲ್ಲಿಗೆ ಹೋಗದೆಯೇ ಸರಿಯಾಗಿ ಬರೆದಂತೆ ತೋರುವ ಲೇಖನವನ್ನು ಎಲ್ಲಿಂದ ತಿದ್ದಬೇಕೆಂಬುದು ಯಾರಿಗೂ ತಿಳಿಯದು.